ಎಕ್ಸ್‌ರೇಗೆ ಸಿಗದ ಎದೆಭಾರ: ವಿಪತ್ತಿನ ನಂತರದ ಮನಸ್ಸಿನ ಆರೈಕೆಗೆ ಒಂದು ಪ್ರವೇಶ

1984ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶದಲ್ಲಿ ಐದು ವೈದ್ಯಕೀಯ ಕಾಲೇಜುಗಳಿದ್ದವು. ಒಂದರಲ್ಲೂ ಮನೋವೈದ್ಯಶಾಸ್ತ್ರದ ಅಧ್ಯಾಪಕರಿರಲಿಲ್ಲ. ವಿಪತ್ತು ಮತ್ತು ಮಾನಸಿಕ ಆರೋಗ್ಯದ ಬಗ್ಗೆ ಹೊಸದಾಗಿ ಕಲಿಯಲು ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಆ ತಿಂಗಳ 2ನೇ ತಾರೀಖಿನ ರಾತ್ರಿ ಕಳೆದು 3 ಹುಟ್ಟುವ ಹೊತ್ತಿಗೆ ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ಸುಮಾರು 40 ಟನ್ ಮಿಥೈಲ್ ಐಸೋಸಯನೇಟ್ ಸೋರಿತು. ಐದು ಲಕ್ಷಕ್ಕೂ ಹೆಚ್ಚು ಜನ ಅದಕ್ಕೆ ಸಿಕ್ಕಿಕೊಂಡರು. ಕಣ್ಣಿನ ವೈದ್ಯರು ಬಂದರು, ಶ್ವಾಸಕೋಶದ ವೈದ್ಯರು ಬಂದರು. ಮನಸ್ಸಿನ ವೈದ್ಯರನ್ನು ಕರೆಯೋಣವೆಂದರೆ ಆ ರಾಜ್ಯದಲ್ಲಿ ಹುಡುಕಬೇಕಾದ ಸ್ಥಿತಿ.

ಹೀಗಿರುವಾಗ ಏನು ಮಾಡಬೇಕು ಎಂಬುದಕ್ಕೆ ಭಾರತದಲ್ಲಿ ಮೊದಲ ಬಾರಿ ಗಂಭೀರವಾಗಿ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಆರ್. ಶ್ರೀನಿವಾಸಮೂರ್ತಿ ಪ್ರಮುಖರು. ಅವರ ಕೆಲಸವನ್ನು ಹಿಡಿದುಕೊಂಡು ಹೊರಟರೆ ಈ ವಿಷಯದ ಮುಖ್ಯ ತಿರುವುಗಳೆಲ್ಲ ದಾರಿಯಲ್ಲೇ ಸಿಗುತ್ತವೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಅವರು ಭೋಪಾಲಕ್ಕೆ ಬರಿಗೈಯಲ್ಲಿ ಹೋದವರಲ್ಲ. ಅದಕ್ಕೂ ಮುಂಚೆ ಚಂಡೀಗಢದಲ್ಲಿದ್ದಾಗ ಡಾ. ಎನ್. ಎನ್. ವಿಗ್ ಅವರ ಜೊತೆ ಹರಿಯಾಣದ ರಾಯಪುರ್ ರಾಣಿ ಎಂಬ ಗ್ರಾಮೀಣ ಪ್ರದೇಶದಲ್ಲಿ ಒಂದು ಪ್ರಯೋಗ ಮಾಡಿದ್ದರು. ಮನೋರೋಗದ ಚಿಕಿತ್ಸೆಯನ್ನು ನಗರದ ಆಸ್ಪತ್ರೆಯಿಂದ ಬಿಡಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದ ಕೈಗೆ ಕೊಡಬಹುದೇ ಎಂಬುದು ಅಲ್ಲಿನ ಪರೀಕ್ಷೆ. ಕೊಡಬಹುದು ಎಂದು ತಿಳಿಯಿತು. 1982ರಲ್ಲಿ ಬಂದ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೆನ್ನೆಲುಬು ಇದೇ ವಿಚಾರ. ಮುಂದೆ ನಿಮ್ಹಾನ್ಸ್ ಅದನ್ನು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ನೋಡಿತು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಬಳ್ಳಾರಿಯದು. ಈ ಹಿನ್ನೆಲೆ ಇಲ್ಲದೆ ಭೋಪಾಲದಲ್ಲಿ ನಡೆದದ್ದು ಅರ್ಥವಾಗುವುದಿಲ್ಲ.

ಈಗ ಭೋಪಾಲದ ಒಂದು ಕ್ಲಿನಿಕ್ಕನ್ನು ಕಲ್ಪಿಸಿಕೊಳ್ಳಿ. ಅನಿಲ ಸೋರಿ ಎರಡು ತಿಂಗಳಾಗಿದೆ. ಹೆಂಗಸೊಬ್ಬಳು ಬಂದು ಉಸಿರು ಕಟ್ಟುತ್ತದೆ ಅನ್ನುತ್ತಾಳೆ. ಎದೆ ಭಾರ, ಕೈಕಾಲಲ್ಲಿ ತ್ರಾಣವಿಲ್ಲ, ರಾತ್ರಿ ನಿದ್ದೆ ಹತ್ತುವುದಿಲ್ಲ. ವೈದ್ಯರು ಎಕ್ಸ್‌ರೇ ತೆಗೆಸುತ್ತಾರೆ. ಚಿತ್ರದಲ್ಲಿ ಕಾಣುವ ತೊಂದರೆ ಆಕೆ ಹೇಳುವಷ್ಟಿಲ್ಲ. ವಿಟಮಿನ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ಮುಂದಿನ ವಾರ ಆಕೆ ಮತ್ತೆ ಅದೇ ಸಾಲಿನಲ್ಲಿ. ಇಂಥ ಕಡೆ ಬೇಗ ಹುಟ್ಟಿಕೊಳ್ಳುವ ಒಂದು ಗುಮಾನಿ ಇದೆ: ಪರಿಹಾರದ ಹಣಕ್ಕಾಗಿ ನಾಟಕ ಮಾಡುತ್ತಿದ್ದಾಳೆ. ಭೋಪಾಲದ ಸಂತ್ರಸ್ತರು ಈ ಮಾತನ್ನು ಸಾಕಷ್ಟು ಕೇಳಿಸಿಕೊಂಡರು.

1985ರ ಫೆಬ್ರವರಿಯಲ್ಲಿ ಅಂಥ ಹತ್ತು ಕ್ಲಿನಿಕ್ಕುಗಳಲ್ಲಿ ಮನೋವೈದ್ಯರ ತಂಡವೊಂದು ಕೂತು ನೋಡಿತು. ಬೇರೆ ಬೇರೆ ದೂರು ಹೇಳಿಕೊಂಡು ಬಂದಿದ್ದ 855 ರೋಗಿಗಳಿಗೆ ಸರಳವಾದ ಪ್ರಶ್ನಾವಳಿ ಕೊಟ್ಟು, ಅನುಮಾನ ಬಂದವರನ್ನು ವಿವರವಾಗಿ ಪರೀಕ್ಷಿಸಿದರು. 193 ಮಂದಿಗೆ, ಅಂದರೆ ನೂರಕ್ಕೆ ಸುಮಾರು 23 ಜನರಿಗೆ, ಚಿಕಿತ್ಸೆ ಬೇಕಾಗುವಂಥ ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಹೆಂಗಸರು, 45 ವರ್ಷದೊಳಗಿನವರು. ಖಿನ್ನತೆಯ ಪಾಲು ಎಲ್ಲಕ್ಕಿಂತ ದೊಡ್ಡದು, ಆತಂಕದ್ದು ಅದರ ನಂತರ. ಹುಚ್ಚು ಎಂದು ಜನ ಕರೆಯುವ ತೀವ್ರ ಮನೋರೋಗ ತೀರಾ ವಿರಳವಾಗಿತ್ತು. ಅದಕ್ಕೂ ಅನಿಲಕ್ಕೂ ಸಂಬಂಧ ಕಾಣಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಹೊಸಬರು ಈ ಸಂಖ್ಯೆಯನ್ನು ತಪ್ಪಾಗಿ ಓದುವುದೇ ಹೆಚ್ಚು. ಅದು ಭೋಪಾಲದ ಜನಸಂಖ್ಯೆಯ ಶೇಕಡಾವಾರು ಅಲ್ಲ. ಕ್ಲಿನಿಕ್ಕಿಗೆ ಬಂದವರಲ್ಲಿ ಎಷ್ಟು ಎಂಬ ಲೆಕ್ಕ. ಕ್ಲಿನಿಕ್ಕಿಗೆ ಬರುವವರು ಮೊದಲೇ ನರಳುತ್ತಿರುವವರು. ಹಾಗೆಯೇ, ಬರಲಾಗದೆ ಮನೆಯಲ್ಲೇ ಕುಳಿತವರು ಆ ಲೆಕ್ಕದಲ್ಲಿ ಸಿಗುವುದಿಲ್ಲ. ವಿಪತ್ತಿನ ಅಧ್ಯಯನಗಳಲ್ಲಿ ಅಂಕಿ ಕಂಡಾಗಲೆಲ್ಲ ಮೂರು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳಿ: ಯಾರನ್ನು ನೋಡಿದರು, ಘಟನೆಯಾಗಿ ಎಷ್ಟು ದಿನಕ್ಕೆ ನೋಡಿದರು, ಯಾವುದನ್ನು ತೊಂದರೆ ಎಂದು ಎಣಿಸಿದರು. ಇದನ್ನು ಕೇಳದೆ ಎರಡು ಊರುಗಳ ಶೇಕಡಾವಾರನ್ನು ಅಕ್ಕಪಕ್ಕ ಇಟ್ಟು ಹೋಲಿಸುವ ಲೇಖನಗಳು ಬೇಕಾದಷ್ಟಿವೆ. ನಾನು ಅವನ್ನು ನಂಬುವುದಿಲ್ಲ.

ಶ್ರೀನಿವಾಸಮೂರ್ತಿ ಮತ್ತು ಅವರ ಸಹೋದ್ಯೋಗಿ ಡಾ. ಮೋಹನ್ ಐಸಾಕ್ ಅಲ್ಲಿನ ಜನರ ತೊಂದರೆಗಳನ್ನು ನಾಲ್ಕು ಬಗೆಯಾಗಿ ಗುರುತಿಸಿದರು. ಆ ರಾತ್ರಿಯ ನೆನಪು ಬೆನ್ನು ಬಿಡದವರು ಒಂದು ಬಗೆ. ಸತ್ತವರಿಗಾಗಿ ಪಡುವ ದುಃಖ ಮುಂದಕ್ಕೂ ಹೋಗದೆ ಹಿಂದಕ್ಕೂ ಸರಿಯದೆ ಗಟ್ಟಿಯಾಗಿ ನಿಂತುಬಿಟ್ಟವರು ಇನ್ನೊಂದು. ದೇಹಕ್ಕೆ ನಿಜವಾಗಿ ಆದ ಹಾನಿಯಿಂದ ಕಂಗೆಟ್ಟವರು ಮೂರನೆಯದು. ಮೊದಲೇ ಇದ್ದ ಮಾನಸಿಕ ಕಾಯಿಲೆ ಉಲ್ಬಣಿಸಿದವರು ನಾಲ್ಕನೆಯದು. ಮೇಲ್ನೋಟಕ್ಕೆ ಇದು ಸಾಧಾರಣ ವಿಂಗಡಣೆ. ಆದರೆ ಮೂರನೆಯ ಗುಂಪನ್ನು ಗಮನಿಸಿ. ಶ್ವಾಸಕೋಶ ಸುಟ್ಟಿರುವುದು ಸುಳ್ಳಲ್ಲ. ಉಸಿರು ಸಿಗದವನಿಗೆ ಗಾಬರಿಯಾಗುತ್ತದೆ, ಗಾಬರಿಯಾದರೆ ಉಸಿರು ಇನ್ನಷ್ಟು ಕಟ್ಟುತ್ತದೆ. ಇದರಲ್ಲಿ ಯಾವುದು ದೇಹದ್ದು, ಯಾವುದು ಮನಸ್ಸಿನದು ಎಂದು ಗೆರೆ ಎಳೆಯಹೊರಟರೆ ಎರಡೂ ಕಡೆ ಅನ್ಯಾಯ. ಎಲ್ಲವೂ ಮನಸ್ಸಿನ ಭ್ರಮೆ ಎಂದರೆ ವಿಷ ಉಗುಳಿದ ಕಾರ್ಖಾನೆಗೆ ಖುಷಿ. ಎಲ್ಲವೂ ಶ್ವಾಸಕೋಶದ್ದೇ ಎಂದರೆ ಆ ಹೆಂಗಸು ಸಾಯುವವರೆಗೆ ವಿಟಮಿನ್ ನುಂಗುತ್ತಾಳೆ.

ಭೂಕಂಪಕ್ಕೂ ವಿಷಾನಿಲಕ್ಕೂ ಇರುವ ವ್ಯತ್ಯಾಸವೂ ಇಲ್ಲೇ ಇದೆ. ಭೂಮಿ ನಡುಗುವುದು ನಿಲ್ಲುತ್ತದೆ. ಬಿದ್ದದ್ದು ಕಣ್ಣಿಗೆ ಕಾಣುತ್ತದೆ. ವಿಷ ಕಾಣುವುದಿಲ್ಲ, ಮುಗಿಯಿತೆಂದು ಹೇಳುವವರೂ ಇಲ್ಲ. ಅದು ನಿಖರವಾಗಿ ಏನು, ಮೈಯೊಳಗೆ ಏನು ಮಾಡುತ್ತದೆ, ಹೊಟ್ಟೆಯಲ್ಲಿರುವ ಮಗುವಿನ ಗತಿಯೇನು ಎಂಬ ಪ್ರಶ್ನೆಗಳಿಗೆ ಭೋಪಾಲದವರಿಗೆ ನೇರ ಉತ್ತರ ಸಿಗಲಿಲ್ಲ. ಕಾರ್ಖಾನೆಯಲ್ಲಿ ಉಳಿದಿದ್ದ ರಾಸಾಯನಿಕವನ್ನು ನಿಷ್ಕ್ರಿಯಗೊಳಿಸಲು ಡಿಸೆಂಬರ್ 16ರಿಂದ ‘ಆಪರೇಷನ್ ಫೇತ್’ ಎಂಬ ಹೆಸರಿನಲ್ಲಿ ಕಾರ್ಯಾಚರಣೆ ನಡೆಸಿದಾಗ, ಅಪಾಯವಿಲ್ಲವೆಂದು ಸರ್ಕಾರ ಎಷ್ಟೇ ಭರವಸೆ ಕೊಟ್ಟರೂ, ಜನ ಗಂಟುಮೂಟೆ ಕಟ್ಟಿಕೊಂಡು ಲಕ್ಷದ ಲೆಕ್ಕದಲ್ಲಿ ಊರು ಬಿಟ್ಟರು. ಅದನ್ನು ಹೇಡಿತನವೆಂದೋ ಮನೋರೋಗವೆಂದೋ ಕರೆಯುವವರಿಗೆ ನನ್ನದೊಂದು ಪ್ರಶ್ನೆ: ಎರಡು ವಾರದ ಹಿಂದೆ ಎಚ್ಚರಿಸದವರ ಮಾತನ್ನು ಅವರು ಯಾವ ಆಧಾರದ ಮೇಲೆ ನಂಬಬೇಕಿತ್ತು?

ಮನೋವೈದ್ಯರಿಲ್ಲದ ಊರಿಗೆ ಬಂದ ಉತ್ತರ ರಾಯಪುರ್ ರಾಣಿಯದೇ. ಭೋಪಾಲದಲ್ಲಿ ಆಗಲೇ ರೋಗಿಗಳನ್ನು ನೋಡುತ್ತಿದ್ದ ಸುಮಾರು 50 ಸಾಮಾನ್ಯ ವೈದ್ಯಾಧಿಕಾರಿಗಳನ್ನು 1985ರಲ್ಲೇ ಕೂರಿಸಿ ಆರು ದಿನಗಳ ತರಬೇತಿ ಕೊಟ್ಟರು. ದೇಹದ ದೂರಿನ ಹಿಂದಿರುವ ಖಿನ್ನತೆಯನ್ನು ಗುರುತಿಸುವುದು, ಅಡ್ಡ ಬಾಯಿ ಹಾಕದೆ ರೋಗಿಯ ಮಾತು ಕೇಳುವುದು, ಔಷಧ ಯಾವಾಗ ಬೇಕು, ಯಾವಾಗ ಬೇಡ ಎಂದು ನಿರ್ಧರಿಸುವುದು. ಅವರಿಗೆಂದು ಒಂದು ಕೈಪಿಡಿಯೂ ತಯಾರಾಯಿತು. ಇವತ್ತು ಇದು ತೀರಾ ಸಹಜವೆನಿಸಬಹುದು. ಆಘಾತೋತ್ತರ ಒತ್ತಡದ ಕಾಯಿಲೆಗೆ ಅಮೆರಿಕದ ರೋಗಪಟ್ಟಿಯಲ್ಲಿ ಜಾಗ ಸಿಕ್ಕಿದ್ದೇ 1980ರಲ್ಲಿ, ಅದೂ ಬಹುಮಟ್ಟಿಗೆ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಹೋರಾಟದಿಂದ. ಅದಾಗಿ ಐದೇ ವರ್ಷಕ್ಕೆ, ಕೊಳೆಗೇರಿಯ ಕ್ಲಿನಿಕ್ಕಿನ ಎಂಬಿಬಿಎಸ್ ವೈದ್ಯರ ಕೈಗೆ ಈ ವಿಷಯವನ್ನು ಕೊಟ್ಟದ್ದು ಸಣ್ಣ ಮಾತಲ್ಲ. ಶ್ರೀನಿವಾಸಮೂರ್ತಿ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ 2001ರ ವಿಶ್ವ ಆರೋಗ್ಯ ವರದಿಗೆ ಪ್ರಧಾನ ಸಂಪಾದಕರಾದರು. ಆ ವರ್ಷದ ವರದಿ ಇಡಿಯಾಗಿ ಮಾನಸಿಕ ಆರೋಗ್ಯದ ಬಗ್ಗೆ. ಪ್ರಾಥಮಿಕ ಹಂತದಲ್ಲೇ ಚಿಕಿತ್ಸೆ ಕೊಡಿ ಎಂಬುದು ಅದರ ಮೊದಲ ಶಿಫಾರಸುಗಳಲ್ಲೊಂದು.

ಇನ್ನು ದುಃಖದ ವಿಚಾರ. ಹೊಸಬರು ಹೆಚ್ಚು ಎಡವುವುದು ಇಲ್ಲಿ. ವಿಪತ್ತಿನಲ್ಲಿ ಬದುಕುಳಿದವರೆಲ್ಲ ಮಾನಸಿಕ ರೋಗಿಗಳಾಗುತ್ತಾರೆಂದು ಅವರು ಭಾವಿಸಿರುತ್ತಾರೆ. ಇಲ್ಲ. ಮೊದಲ ಕೆಲವು ವಾರ ನಿದ್ದೆಗೆಡುವುದು, ಬೆಚ್ಚಿಬೀಳುವುದು, ಅನ್ನ ಸೇರದಿರುವುದು, ನಾನೇಕೆ ಉಳಿದೆ ಎಂದು ಕೊರಗುವುದು, ಸಣ್ಣದಕ್ಕೆಲ್ಲ ಸಿಡಿಮಿಡಿಗೊಳ್ಳುವುದು, ಇವೆಲ್ಲ ಅಸಹಜ ಘಟನೆಗೆ ಮನಸ್ಸು ಕೊಡುವ ಸಹಜ ಪ್ರತಿಕ್ರಿಯೆಗಳು. ಬಹುತೇಕರಲ್ಲಿ ಇವು ದಿನ ಕಳೆದಂತೆ ತಗ್ಗುತ್ತವೆ. ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಹೆಸರಿಡಬೇಕಾದರೆ ಕನಿಷ್ಠ ಒಂದು ತಿಂಗಳು ಕಳೆದಿರಬೇಕು. ಘಟನೆ ಕಣ್ಣೆದುರೇ ಮತ್ತೆ ನಡೆಯುತ್ತಿದೆಯೇನೋ ಎಂಬಂತೆ ನುಗ್ಗಿ ಬರುವ ನೆನಪುಗಳು, ಅದನ್ನು ನೆನಪಿಸುವ ಜಾಗ ಮತ್ತು ಮಾತುಗಳಿಂದ ತಪ್ಪಿಸಿಕೊಳ್ಳುವ ಹಟ, ಸದಾ ಕಟ್ಟೆಚ್ಚರದಲ್ಲಿರುವ ಮೈಮನಸ್ಸು, ಇವೆಲ್ಲ ಸೇರಿ ದಿನನಿತ್ಯದ ಬದುಕನ್ನೇ ಕೆಡಿಸಿರಬೇಕು.

ಬೆಂಗಳೂರಿಗೆ ಈ ಪಾಠ ಭೋಪಾಲಕ್ಕಿಂತ ಮೊದಲೇ ಬಂದಿತ್ತು. 1981ರ ಫೆಬ್ರವರಿ 7ರಂದು ನಗರದ ವೀನಸ್ ಸರ್ಕಸ್‌ನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಮಕ್ಕಳು. ನಿಮ್ಹಾನ್ಸ್‌ನ ಸಂಶೋಧಕರು ಆ ಮನೆಗಳವರ ಶೋಕವನ್ನು ಅಧ್ಯಯನ ಮಾಡಿ 1987ರಲ್ಲಿ ತಮ್ಮ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಿ ವಿಪತ್ತಿನ ಶೋಕವನ್ನು ಕ್ರಮವಾಗಿ ಗಮನಿಸಿದ ಆರಂಭದ ಕೆಲಸಗಳಲ್ಲಿ ಅದೂ ಒಂದು. ನಮ್ಮೂರಿನ ಚರಿತ್ರೆಯಲ್ಲೇ ಇಂಥದ್ದೊಂದಿದೆ ಎಂಬುದು ಬೆಂಗಳೂರಿನವರಿಗೇ ಗೊತ್ತಿರುವುದಿಲ್ಲ.

ಹಾಗಾದರೆ ತಡವಾಗಿ ಕಾಣಿಸಿಕೊಳ್ಳುವ ತೊಂದರೆಗಳ ಕಥೆಯೇನು? ವಿಪತ್ತಿನ ಮೊದಲ ದಿನಗಳಲ್ಲಿ ಊರೇ ಒಂದಾಗುತ್ತದೆ. ಜಾತಿ ಮತ ಮರೆತು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ, ಹೊರಗಿನಿಂದ ಲಾರಿಗಟ್ಟಲೆ ಅಕ್ಕಿ, ಬಟ್ಟೆ ಬರುತ್ತದೆ, ಮಂತ್ರಿಗಳು ಬರುತ್ತಾರೆ. ಎರಡು ಮೂರು ತಿಂಗಳಲ್ಲಿ ಎಲ್ಲರೂ ಹೊರಟುಹೋಗುತ್ತಾರೆ. ಆಗ ಶುರುವಾಗುತ್ತದೆ ತಹಶೀಲ್ದಾರ್ ಕಚೇರಿಯ ಅಲೆದಾಟ, ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ತಕರಾರು, ಪರಿಹಾರದ ಹಣಕ್ಕೆ ಅಣ್ಣತಮ್ಮಂದಿರ ಜಗಳ, ಸಾಲ, ಕುಡಿತ. ಮಣ್ಣಿನ ಗೋಡೆ ಮಳೆ ನಿಂತು ಬಿಸಿಲು ಬಿದ್ದ ಮೇಲೆ ಕುಸಿಯುವ ಹಾಗೆ ಅನೇಕರು ಬೀಳುವುದು ಈ ಹಂತದಲ್ಲಿ. ಸೇವಾಸಂಸ್ಥೆಗಳ ಹಣ, ಉತ್ಸಾಹ ಮೊದಲ ತಿಂಗಳಲ್ಲೇ ಖರ್ಚಾಗಿಹೋಗಿರುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ದುರ್ಗುಣ.

ಭೋಪಾಲದ ನಂತರ ಮುಂದಿನ ದೊಡ್ಡ ಹೆಜ್ಜೆ ಒಡಿಶಾದಲ್ಲಿ. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತ ಸುಮಾರು ಹತ್ತು ಸಾವಿರ ಜನರನ್ನು ಕೊಂದಿತು. ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಭಾಗದಲ್ಲಿ ಸಮುದ್ರವೇ ಊರಿನೊಳಗೆ ನುಗ್ಗಿತ್ತು. ಅಲ್ಲಿ ವೈದ್ಯರಿಗೆ ತರಬೇತಿ ಕೊಟ್ಟರೂ ಸಾಲದು, ಏಕೆಂದರೆ ವೈದ್ಯರೂ ವಿರಳ. ಹಾಗಾಗಿ ಸ್ಥಳೀಯ ಯುವಕ ಯುವತಿಯರನ್ನೇ ತಯಾರು ಮಾಡಿದರು. ಆಕ್ಷನ್ಏಡ್ ಸಂಸ್ಥೆಯ ‘ಸ್ನೇಹಕರ್ಮಿ’ಗಳು ಮನೆಮನೆಗೆ ಹೋಗಿ ವಿಧವೆಯರ, ಒಂಟಿ ಮುದುಕರ, ಅನಾಥ ಮಕ್ಕಳ ಜೊತೆ ಕೂತರು. ನಿಮ್ಹಾನ್ಸ್ ಅವರ ಬೆನ್ನಿಗಿತ್ತು. ಹತ್ತನೇ ತರಗತಿ, ಪಿಯುಸಿ ಓದಿದವರು ಇದನ್ನು ಮಾಡಬಹುದೇ ಎಂಬ ಅನುಮಾನ ಮನೋವೈದ್ಯಲೋಕದಲ್ಲಿ ಇದ್ದೇ ಇತ್ತು. 2001ರ ಜನವರಿ 26ರಂದು ಗುಜರಾತಿನ ಭುಜ್ ಭಾಗ ನಡುಗಿದಾಗ ಅದೇ ಮಾದರಿಯನ್ನು ಇನ್ನೂ ದೊಡ್ಡದಾಗಿ ಬಳಸಿದರು. ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ಪ್ರಾಧ್ಯಾಪಕರಾಗಿದ್ದ ಡಾ. ಕೆ. ಶೇಖರ್ ಮತ್ತು ಸಂಗಡಿಗರು ಇಂಥ ಕಾರ್ಯಕರ್ತರಿಗಾಗಿ ವ್ಯಕ್ತಿಗಳಿಗೆ, ಹೆಂಗಸರಿಗೆ, ಮಕ್ಕಳಿಗೆ ಎಂದು ಬೇರೆ ಬೇರೆ ಕೈಪಿಡಿಗಳನ್ನು ಮಾಡಿದರು.

ಆ ಕೈಪಿಡಿಗಳ ತಿರುಳು ಹೀಗಿದೆ. ಎದುರಿಗಿರುವವರು ಒಳಗಿನದನ್ನು ಹೊರಹಾಕಲು ಅವಕಾಶ ಕೊಡಿ. ಅಳುವವರನ್ನು ಅಳಬೇಡ ಎನ್ನಬೇಡಿ. ಅವರ ಜಾಗದಲ್ಲಿ ನಿಂತು ನೋಡಿ, ಆದರೆ ನನಗೂ ಹೀಗೇ ಆಗಿತ್ತು ಎಂದು ನಿಮ್ಮ ಕಥೆ ಬಿಚ್ಚಬೇಡಿ. ಕೇಳುವಾಗ ಪೂರ್ತಿ ಕೇಳಿ. ನೆಂಟರು, ಮಹಿಳಾ ಸಂಘ, ದೇವಸ್ಥಾನ, ಮಸೀದಿ, ಶಾಲೆ, ಯಾವುದಿದೆಯೋ ಅದರ ಜೊತೆ ಅವರನ್ನು ಮತ್ತೆ ಜೋಡಿಸಿ. ಕೈಗೆ ಏನಾದರೂ ಕೆಲಸ ಕೊಡಿ, ಮಕ್ಕಳಿಗೆ ಆಟ ಕೊಡಿ. ಮೈಮನಸ್ಸು ಸಡಿಲವಾಗುವ ದಾರಿ ತೋರಿಸಿ. ಅವರ ನಂಬಿಕೆಗೆ, ಪೂಜೆ ನಮಾಜಿಗೆ ಅಡ್ಡ ಬರಬೇಡಿ. ಹೊಸದೇನಿದೆ ಇದರಲ್ಲಿ, ನಮ್ಮಜ್ಜಿ ಇದನ್ನೇ ಮಾಡುತ್ತಿದ್ದಳಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ನಿಜ, ಆದರೆ ಅಜ್ಜಿಯೂ ಕೊಚ್ಚಿಹೋದ ಊರಿನಲ್ಲಿ ಯಾರು ಮಾಡಬೇಕು? ಅದೂ ಅಲ್ಲದೆ ಅಜ್ಜಿಯರು ಎಲ್ಲವನ್ನೂ ಸರಿಯಾಗಿ ಮಾಡುತ್ತಿದ್ದರೆನ್ನುವುದೂ ಸುಳ್ಳು. ಗಂಡ ಸತ್ತವಳನ್ನು ಮೂಲೆಗೆ ಕೂರಿಸುತ್ತಿದ್ದವರೂ ಅವರೇ.

ಮಾತು ಹೊರಹಾಕಲು ಬಿಡಿ ಎಂದೆ. ಮಾತಾಡಿಸಲೇಬೇಕು ಎನ್ನಲಿಲ್ಲ. ಈ ವ್ಯತ್ಯಾಸಕ್ಕೆ ದೊಡ್ಡ ಬೆಲೆ ತೆತ್ತ ಚರಿತ್ರೆಯಿದೆ. 1980ರ ದಶಕದಿಂದ ಪಶ್ಚಿಮದ ದೇಶಗಳಲ್ಲಿ ‘ಡಿಬ್ರೀಫಿಂಗ್’ ಎಂಬ ಪದ್ಧತಿ ಹಬ್ಬಿತು. ಆಘಾತವಾದ ಕೆಲವೇ ದಿನಗಳಲ್ಲಿ ಸಂತ್ರಸ್ತರನ್ನು ಕೂರಿಸಿ ನಡೆದದ್ದೆಲ್ಲವನ್ನೂ, ಕಂಡದ್ದು, ಅನಿಸಿದ್ದು ಸಮೇತ, ಒಂದೇ ಪಟ್ಟಿಗೆ ಹೇಳಿಸುವುದು. ಅದರಿಂದ ಮುಂದಿನ ಕಾಯಿಲೆ ತಪ್ಪುತ್ತದೆಂದು ನಂಬಿದ್ದರು. 1997ರಲ್ಲಿ ಬ್ರಿಟನ್ನಿನ ಸಂಶೋಧಕರು ಸುಟ್ಟಗಾಯದ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. 13 ತಿಂಗಳ ನಂತರ, ಡಿಬ್ರೀಫಿಂಗ್ ಆದವರಲ್ಲಿ ಶೇ. 26ರಷ್ಟು ಮಂದಿಗೆ ಆಘಾತೋತ್ತರ ಕಾಯಿಲೆ ಇತ್ತು, ಆಗದವರಲ್ಲಿ ಶೇ. 9. ಡಿಬ್ರೀಫಿಂಗ್‌ಗೆ ಸಿಕ್ಕ ಗುಂಪಿನವರ ಗಾಯಗಳು ಮೊದಲೇ ಸ್ವಲ್ಪ ಹೆಚ್ಚಿದ್ದವೆಂಬ ತಕರಾರು ಇದೆ. ಆದರೂ ಆ ಮೇಲೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದಾಗ ಇದರಿಂದ ಉಪಯೋಗವಿದೆ ಎಂದು ತೋರಲಿಲ್ಲ. ಈಗ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬೇಡವೆನ್ನುತ್ತದೆ. ಬದಲಿಗೆ ಬಂದಿರುವುದು ಮಾನಸಿಕ ಪ್ರಥಮ ಚಿಕಿತ್ಸೆ: ಸುತ್ತ ಏನು ನಡೆದಿದೆ ನೋಡು, ಹೇಳಿದ್ದನ್ನು ಕೇಳು, ಬೇಕಾದದ್ದರ ಜೊತೆ ಜೋಡಿಸು. ಮೈಕ್ ಹಿಡಿದು ‘ಆ ಕ್ಷಣ ನಿಮಗೇನನ್ನಿಸಿತು’ ಎಂದು ಕೇಳುವ ಟಿವಿಯವರು ಮಾಡುವುದು ಹೆಚ್ಚುಕಡಿಮೆ ಡಿಬ್ರೀಫಿಂಗನ್ನೇ, ಅದೂ ಯಾವ ತರಬೇತಿಯೂ ಇಲ್ಲದೆ.

ಜೋಡಿಸುವುದು ಎಂಬುದರ ಮಹತ್ವ ತಿಳಿಯಲು ಅಮೆರಿಕದ ಒಂದು ಕಣಿವೆಗೆ ಹೋಗಬೇಕು. 1972ರ ಫೆಬ್ರವರಿ 26ರಂದು ಪಶ್ಚಿಮ ವರ್ಜೀನಿಯಾದ ಬಫಲೋ ಕ್ರೀಕ್‌ನಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯದ ಅಣೆಕಟ್ಟು ಒಡೆದು 125 ಜನ ಸತ್ತರು. ಮನೆ ಕಳೆದುಕೊಂಡವರಿಗೆ ಸರ್ಕಾರ ತಾತ್ಕಾಲಿಕ ಮನೆಗಳನ್ನು ಕೊಟ್ಟಿತು, ಯಾರ ಪಕ್ಕ ಯಾರಿದ್ದರು ಎಂದು ನೋಡದೆ ಬಂದವರಿಗೆ ಬಂದಂತೆ. ಸಮಾಜಶಾಸ್ತ್ರಜ್ಞ ಕೈ ಎರಿಕ್ಸನ್ ಅಲ್ಲಿಗೆ ಹೋಗಿ ಬರೆದ ಪುಸ್ತಕದ ವಾದವೇನೆಂದರೆ, ನೀರಿನಿಂದಾದ ಆಘಾತ ಒಂದಾದರೆ ನೆರೆಹೊರೆ ಚದುರಿದ್ದರಿಂದಾದ ಆಘಾತ ಇನ್ನೊಂದು, ಎರಡನೆಯದು ಇಡೀ ಸಮುದಾಯದ್ದು. 2004ರ ಸುನಾಮಿಯ ನಂತರ ಅಂಡಮಾನ್ ನಿಕೋಬಾರ್‌ಗೆ ಹೋದ ನಿಮ್ಹಾನ್ಸ್ ತಂಡಕ್ಕೂ ಇಂಥದ್ದೇ ಸುಳಿವು ಸಿಕ್ಕಿತು. ಮೊದಲ ಮೂರು ತಿಂಗಳಲ್ಲಿ ನೋಡಿದಾಗ ಊರು ಬಿಟ್ಟು ಶಿಬಿರ ಸೇರಿದವರಲ್ಲಿ ಶೇ. 5.2ರಷ್ಟು, ತಮ್ಮ ಜಾಗದಲ್ಲೇ ಉಳಿದವರಲ್ಲಿ ಶೇ. 2.8ರಷ್ಟು ಜನರಿಗೆ ಮಾನಸಿಕ ಕಾಯಿಲೆ ಕಂಡಿತು. ಮೇಲೆ ಹೇಳಿದ ಮೂರು ಪ್ರಶ್ನೆ ಇದಕ್ಕೂ ಕೇಳಿ. ಭೋಪಾಲದ 23ರ ಪಕ್ಕ ಇದನ್ನು ಇಡಬೇಡಿ. ಇದು ಕ್ಲಿನಿಕ್ಕಿನ ಲೆಕ್ಕವಲ್ಲ. ಒಂದೇ ತಂಡ, ಒಂದೇ ಕಾಲದಲ್ಲಿ, ಒಂದೇ ಅಳತೆಗೋಲಿನಿಂದ ಅಳೆದ ಎರಡು ಗುಂಪುಗಳಾದ್ದರಿಂದ ಇವೆರಡನ್ನು ಹೋಲಿಸಬಹುದು.

ಕರ್ನಾಟಕದ ಮಟ್ಟಿಗೆ ಇದು ದೂರದ ಮಾತಲ್ಲ. 2009ರ ಪ್ರವಾಹದ ನಂತರ ಉತ್ತರ ಕರ್ನಾಟಕದ ಹಲವು ಊರುಗಳನ್ನು ‘ಆಸರೆ’ ಯೋಜನೆಯಲ್ಲಿ ಬೇರೆ ಜಾಗಕ್ಕೆ ಕಳಿಸಿದರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದ ಮೇಲೆ ತೋಟದ ನಡುವಿನ ಒಂಟಿಮನೆಗಳವರು ಸಾಲುಮನೆಗಳಿಗೆ ಬಂದರು. ಹೊಸ ಮನೆಗಳ ಬಗ್ಗೆ ಚರ್ಚೆಯಾಗುವಾಗ ಗೋಡೆಯ ಗುಣಮಟ್ಟ, ನೀರು, ರಸ್ತೆಯ ಮಾತು ಬರುತ್ತದೆ. ಬರಲೇಬೇಕು. ಹಳೆಯ ಓಣಿಯವರು ಹೊಸ ಜಾಗದಲ್ಲೂ ಅಕ್ಕಪಕ್ಕ ಇದ್ದಾರೆಯೇ ಎಂಬುದು ಎಂಜಿನಿಯರರ ನಕ್ಷೆಯಲ್ಲಿ ಇರುವುದಿಲ್ಲ. ಮಾನಸಿಕ ಆರೋಗ್ಯದವರು ಮನೆ ಹಂಚಿಕೆಯ ಸಭೆಯಲ್ಲಿ ಯಾಕೆ ಕೂರಬೇಕು ಎನ್ನುವವರಿಗೆ ಬಫಲೋ ಕ್ರೀಕ್ ಒಂದನ್ನು ಹೇಳಿದರೆ ಸಾಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರಲ್ಲೇ ಮನೋಸಾಮಾಜಿಕ ಬೆಂಬಲಕ್ಕೆಂದು ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ಕಾಗದದ ಮೇಲೆ ದಾರಿ ಇದೆ.

ಭೋಪಾಲದ ಕಥೆ ಮಾತ್ರ ಮುಗಿಯಲಿಲ್ಲ. 1989ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ 47 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. 2014ರಲ್ಲಿ, ದುರಂತಕ್ಕೆ ಮೂವತ್ತು ವರ್ಷವಾದಾಗ, ಶ್ರೀನಿವಾಸಮೂರ್ತಿ ಮತ್ತೆ ಅಲ್ಲಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೇಖನ ಬರೆದರು. ಸಂತ್ರಸ್ತರ ಮಾನಸಿಕ ಆರೋಗ್ಯ ಇನ್ನೂ ಮುಂದುವರಿದಿರುವ ಸವಾಲು ಎಂಬುದು ಅದರ ಶೀರ್ಷಿಕೆಯಲ್ಲೇ ಇದೆ. ತರಬೇತಿ ಪಡೆದ ವೈದ್ಯರು ವರ್ಗವಾಗಿ ಹೋಗುತ್ತಾರೆ, ಅಧ್ಯಯನಗಳು ಅವಧಿ ಮುಗಿದು ನಿಲ್ಲುತ್ತವೆ, ಯೋಜನೆಯ ಆಯಸ್ಸು ಮನುಷ್ಯರ ನೋವಿನ ಆಯಸ್ಸಿಗಿಂತ ಕಡಿಮೆ. ಅವರದೇ ಮಾದರಿಯ ದೊಡ್ಡ ಕೊರತೆಯೂ ಇದೇ ಎಂದು ನನಗನ್ನಿಸುತ್ತದೆ. ಆರು ದಿನದಲ್ಲಿ ವೈದ್ಯರನ್ನು ತಯಾರು ಮಾಡುವುದು ಸಾಧ್ಯವಾಯಿತು. ಅವರನ್ನು ಅದೇ ಜಾಗದಲ್ಲಿ ಹತ್ತು ವರ್ಷ ಉಳಿಸುವುದು ಸಾಧ್ಯವಾಗಲಿಲ್ಲ.

ನೀವು ಸ್ವಯಂಸೇವಕರಾಗಿ ಯಾವುದಾದರೂ ಕಾಳಜಿ ಕೇಂದ್ರಕ್ಕೆ ಹೋಗುವುದಾದರೆ, ಯಾರನ್ನು ಮುಂದಕ್ಕೆ ಕಳಿಸಬೇಕು ಎಂಬುದನ್ನು ಮೊದಲು ಕಲಿತುಕೊಳ್ಳಿ. ಸಾಯುವ ಮಾತಾಡುವವರು, ಅನ್ನ ನೀರು ಬಿಟ್ಟವರು, ಎಳೆಯ ಮಗುವನ್ನು ನೋಡಿಕೊಳ್ಳಲಾರದಷ್ಟು ಕುಸಿದ ತಾಯಿ, ಮೊದಲಿನಿಂದ ಮನೋರೋಗಕ್ಕೆ ಮಾತ್ರೆ ನುಂಗುತ್ತಿದ್ದು ಪ್ರವಾಹದಲ್ಲಿ ಅದನ್ನು ಕಳೆದುಕೊಂಡವರು, ದಿನವಿಡೀ ಕುಡಿಯುತ್ತಿದ್ದು ಈಗ ಸಿಗದೆ ನಡುಗುತ್ತಿರುವವರು. ಕೊನೆಯ ಇಬ್ಬರನ್ನು ಎಲ್ಲರೂ ಮರೆಯುತ್ತಾರೆ. ಕುಡಿತ ಥಟ್ಟನೆ ನಿಂತರೆ ಜೀವಕ್ಕೇ ಅಪಾಯ, ಅವರನ್ನು ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಉಳಿದವರಿಗೆ ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿಯೂ ಇದೆ. 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಂತ್ರಸ್ತರ ಕೈಗೆ ಬರೀ ನಂಬರ್ ಕೊಟ್ಟು ಬರಬೇಡಿ. ಹಲವರ ಮೊಬೈಲ್ ನೀರುಪಾಲಾಗಿರುತ್ತದೆ. ನಿಮ್ಮ ಫೋನಿನಿಂದ ಹಚ್ಚಿ, ಮಾತಾಡುವಷ್ಟು ಹೊತ್ತು ಸ್ವಲ್ಪ ದೂರದಲ್ಲಿ ಕೂತಿರಿ.